ಕೇಪಿನ ಕೋವಿಗೆ ಸರಿಯಾದ ಕೇಪು ಆರಿಸೋದು ಹೆಂಗೆ, ಮಳೆ ಹಿಡಿಯೋ ಮುಂಚೆ ಒಂದ್ಸಲ ಓದ್ಕೊಳಿ

ನಮ್ಮ ಕಡೆ ಕೇಪಿನ ಕೋವಿ (ಮೂತಿಯಿಂದ ಮದ್ದು ತುಂಬಿ, ಕೇಪು ಅನ್ನೋ ಪುಟಾಣಿ ಟೋಪಿ ಸಿಡಿಸಿ ಹೊಡೆಯೋ ಕೋವಿ) ಇಟ್ಕೊಂಡಿರೋ ಯಾರನ್ನಾದ್ರೂ ಕೇಳಿ, ಕೇಪು ಕೈ ಕೊಟ್ಟ ಕಥೆ ಒಂದಲ್ಲ ಹತ್ತು ಹೇಳ್ತಾರೆ. ನಂದೂ ಒಂದಿದೆ, ಅದನ್ನ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಇದನ್ನೆಲ್ಲ ಕೂತು ಕಲಿಯೋ ಹಂಗೆ ಮಾಡಿದ್ದೇ ಅದು.

ತೀರ್ಥಹಳ್ಳಿ ಆಚೆ ನಮ್ಮ ಮಕ್ಕಿಗದ್ದೆ, ಮೂರು ಕಡೆ ಕಾಡು. ಭತ್ತ ಹೊಡೆ ಒಡೆದು ಹಾಲು ತುಂಬೋ ಟೈಮಲ್ಲಿ ಹಂದಿ ಹಿಂಡು ಇಳಿದ್ರೆ ಒಂದೇ ರಾತ್ರಿಗೆ ಅರ್ಧ ಗದ್ದೆ ಉತ್ತು ಹಾಕಿದಂಗೆ ಮಾಡಿ ಹೋಗ್ತವೆ, ಹಂಗಾಗಿ ನಾನೂ ಚಿಕ್ಕಪ್ಪನೂ ಮಾಳದಲ್ಲಿ ಕಾವಲು ಕೂತಿದ್ವಿ. ಶಬ್ದ ಕೇಳ್ತು, ಚಿಕ್ಕಪ್ಪ ಬೆದರಿಸೋಕೆ ಅಂತ ಬರೀ ಮದ್ದು, ಅದನ್ನ ಒತ್ತಿ ಹಿಡಿಯೋ ಕತ್ತ ತುಂಬಿದ್ದ ಕೋವಿನ ಆಕಾಶಕ್ಕೆ ಎತ್ತಿ ಎಳೆದ್ರು. ಟಕ್ ಅಂತು ಅಷ್ಟೇ, ಈಡು ಹಾರ್ಲಿಲ್ಲ. ಎಂತ ಆಯ್ತು ಅಂತ ಕೋವಿ ಕೆಳಗಿಳಿಸಿ ನೋಡೋಕೆ ಹೋಗ್ಬೇಕು, ಒಂದು ಉಸಿರು ಎಳೆದು ಬಿಡೋಷ್ಟು ಹೊತ್ತಾಗಿತ್ತು, ಢಂ ಅಂತ ಹೊಡೀತು. ಉರಿಯೋ ಕತ್ತ ನನ್ನ ಮೊಣಕಾಲಿಂದ ಎರಡು ಮಾರು ದೂರದಲ್ಲಿ ಗದ್ದೆ ಅಂಚಿಗೆ ಹೋಗಿ ಬಿತ್ತು. ಅದ್ರೊಳಗೆ ಚರೆ ಇದ್ದಿದ್ರೆ, ಕೋವಿ ಇನ್ನೊಂಚೂರು ಈ ಕಡೆ ತಿರುಗಿದ್ರೆ ಅಂತ ಈಗ್ಲೂ ಯೋಚನೆ ಬಂದ್ರೆ ಕೈ ತಣ್ಣಗಾಗ್ತದೆ.

ಮಾರನೇ ದಿನ ಮನೇಲಿ ಎಲ್ರೂ ಸೇರಿ ಕೇಪಿನ ಡಬ್ಬಿಗೇ ತಪ್ಪು ಹೊರಿಸಿದ್ರು, ಕೇಪು ಸರಿ ಇಲ್ಲ ಬೇರೆ ತಗೊಂಡು ಬಾ ಅಂತ. ಬೇರೆ ತಂದ್ವಿ, ಅದೂ ಹಂಗೇ ಮಾಡ್ತು. ಆಮೇಲೆ ಶಿವಮೊಗ್ಗದಲ್ಲಿ ಲೈಸೆನ್ಸ್ ಇರೋ ಒಬ್ಬ ಹಳೇ ರಿಪೇರಿಯವರ ಹತ್ರ ಕೋವಿ ತಗೊಂಡು ಹೋದಾಗ ಅವ್ರು ನಿಪ್ಪಲ್, ಅಂದ್ರೆ ಕೇಪು ಕೂರೋ ತೂತಿನ ಮೊಳೆ, ಬಿಚ್ಚಿ ತೋರಿಸಿದ್ರು, ಒಳಗಿನ ಕಿಂಡಿ ತುಕ್ಕು, ಎಣ್ಣೆ ಜಿಡ್ಡು, ಹಳೇ ಮಸಿ ಎಲ್ಲ ಸೇರಿ ಮುಕ್ಕಾಲು ಮುಚ್ಚಿ ಹೋಗಿತ್ತು, ಮೇಲಿಂದ ನಿಪ್ಪಲ್ಲಿನ ತುದಿ ಅಣಬೆ ತರ ಹರಡ್ಕೊಂಡಿತ್ತು, ಅದಕ್ಕೆ ಕೇಪು ಪೂರ್ತಿ ಕೂರ್ತಾನೇ ಇರ್ಲಿಲ್ಲ. ಕೇಪಿನದು ತಪ್ಪೇ ಇರ್ಲಿಲ್ಲ ಮಾರಾಯ್ರೇ. ಅವತ್ತಿಂದ ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ಯಾವ ಕಂಪನಿ ಕೇಪು ಒಳ್ಳೇದು ಅಂತ ಕೇಳ್ಬೇಡಿ, ನನ್ನ ಕೋವಿ ನಿಪ್ಪಲ್ಲಿಗೆ ಯಾವ ಕೇಪು ಕೂರ್ತದೆ ಅಂತ ಕೇಳಿ.

ಮುಂದೆ ಹೋಗೋ ಮುಂಚೆ ಕಾನೂನಿನ ವಿಷಯ ಸ್ಪಷ್ಟ ಹೇಳ್ತೀನಿ. ಶಿಕಾರಿ ಮಾಡೋರಿಗೆ ಅಂತ ನಾನು ಬರೀತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮಲ್ಲಿ ಕಾಡುಪ್ರಾಣಿ ಬೇಟೆ ಅಪರಾಧ, ಅದ್ರಲ್ಲಿ ಎರಡು ಮಾತಿಲ್ಲ. ನಮ್ಮ ಹತ್ರ ಇರೋದು ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ. 1959ರ ಆರ್ಮ್ಸ್ ಆಕ್ಟಿನ 13ನೇ ಸೆಕ್ಷನ್ನಲ್ಲೇ ಮೂತಿಯಿಂದ ಮದ್ದು ತುಂಬೋ ಕೋವಿನ ನಿಜವಾದ ಬೆಳೆ ರಕ್ಷಣೆಗೆ ಅಂತ ಹೆಸರು ಹಿಡಿದು ಹೇಳಿದಾರೆ. ಲೈಸೆನ್ಸ್ ಅವಧಿ ಮೊದ್ಲು 3 ವರ್ಷ ಇತ್ತು, 2019ರ ತಿದ್ದುಪಡಿ ಆದ ಮೇಲೆ 5 ವರ್ಷ ಆಗಿದೆ, ಹಳೇ ಲೆಕ್ಕದಲ್ಲೇ ಇರೋರು ಪುಸ್ತಕ ತೆಗೆದು ತಾರೀಕು ನೋಡ್ಕೊಳಿ. ಕೇಪು, ಮದ್ದು ಎರಡೂ ಲೈಸೆನ್ಸ್ ಪುಸ್ತಕ ತಗೊಂಡು ಹೋಗಿ ಲೈಸೆನ್ಸ್ ಇರೋ ಅಂಗಡಿಯಲ್ಲೇ ತಗೋಬೇಕು, ಬಿಲ್ಲು ಇಟ್ಕೋಬೇಕು. ಸಂತೇಲಿ ಯಾರೋ ಕೊಟ್ರು, ಪಕ್ಕದ ಊರಿನವರ ಹತ್ರ ಹತ್ತು ಕಡ ತಂದೆ ಅನ್ನೋ ವ್ಯವಹಾರ ಬೇಡ, ಕಾನೂನು ಒಂದು ಕಡೆ, ಆ ಕೇಪು ಎಷ್ಟು ವರ್ಷ ಎಲ್ಲಿ ಬಿದ್ದಿತ್ತು ಅನ್ನೋದು ನಿಮಗೆ ಗೊತ್ತಿರಲ್ಲ, ಅದು ಇನ್ನೊಂದು ಕಡೆ.

ಈಗ ಕೇಪು ಅಂದ್ರೆ ಎಂತದು ಅಂತ. ತೆಳು ತಾಮ್ರದ್ದೋ ಹಿತ್ತಾಳೆದೋ ಒಂದು ಪುಟಾಣಿ ಟೋಪಿ, ಅದ್ರ ತಳದಲ್ಲಿ ಏಟು ಬಿದ್ರೆ ಸಿಡಿಯೋ ಮದ್ದು ಒಂದು ಪದರ, ಅದ್ರ ಮೇಲೆ ತೇವ ಒಳಗೆ ಹೋಗ್ದೇ ಇರಲಿ ಅಂತ ವಾರ್ನಿಶ್ ತರದ್ದೋ ತೆಳು ಹಾಳೆಯದ್ದೋ ಮುಚ್ಚಿಗೆ. ಕುದುರೆ, ಅಂದ್ರೆ ಕೇಪಿನ ಮೇಲೆ ಬೀಳೋ ಸುತ್ತಿಗೆ ತರದ ಭಾಗ, ಬಂದು ಹೊಡೆದಾಗ ಆ ಮದ್ದು ಕುದುರೆಗೂ ನಿಪ್ಪಲ್ಲಿನ ತುದಿಗೂ ಮಧ್ಯೆ ಜಜ್ಜಿ ಹೋಗ್ತದೆ, ಕಿಡಿ ನಿಪ್ಪಲ್ಲಿನ ಕಿಂಡಿಯಲ್ಲಿ ಇಳಿದು ನಳಿಗೆ ತಳದ ಮದ್ದಿಗೆ ಮುಟ್ತದೆ. ಇಷ್ಟೇ ಕಥೆ. ಇದ್ರಲ್ಲಿ ಜಜ್ಜೋದು ಅನ್ನೋದನ್ನ ನೆನಪಿಡಿ, ಕೇಪಿನ ಮದ್ದು ನಿಪ್ಪಲ್ ತುದಿಗೆ ತಾಗಿ ಕೂತಿರ್ಲಿಲ್ಲ ಅಂದ್ರೆ ಕುದುರೆ ಏಟೆಲ್ಲ ಕೇಪನ್ನ ಕೆಳಗೆ ತಳ್ಳೋದ್ರಲ್ಲೇ ಖರ್ಚಾಗಿ ಹೋಗ್ತದೆ, ಸಿಡಿಯಲ್ಲ.

ಇದ್ರ ಹುಟ್ಟಿನ ಕಥೆನೂ ಚೆನ್ನಾಗಿದೆ. ಅದಕ್ಕೂ ಮುಂಚೆ ಇದ್ದಿದ್ದು ಚಕಮಕಿ ಕಲ್ಲಿನ ಕೋವಿ, ಅದ್ರಲ್ಲಿ ಕಿಡಿ ಮಿಂಚಿ ಈಡು ಹಾರೋದ್ರೊಳಗೆ ನೀರುಹಕ್ಕಿಗಳು ಹಾರಿ ಹೋಗ್ತಿದ್ವು, ಮಳೆ ಬಂದ್ರಂತೂ ಕೆಲಸವೇ ಇಲ್ಲ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಅನ್ನೋ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಏಟಿಗೆ ಸಿಡಿಯೋ ಫಲ್ಮಿನೇಟನ್ನ ಕೋವಿಗೆ ಹಾಕೋ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ತಗೊಂಡ. ತಾಮ್ರದ ಟೋಪಿ ಅದಾಗಿ ಕೆಲವು ವರ್ಷಕ್ಕೆ ಬಂತು, ನಾನು ಮಾಡಿದ್ದು ನಾನು ಮಾಡಿದ್ದು ಅಂತ ಹೇಳ್ಕೊಂಡೋರು ಸುಮಾರು ಜನ. 1857ರ ದಂಗೆಗೆ ಕಿಡಿ ಹಚ್ಚಿದ ಎನ್‌ಫೀಲ್ಡ್ ಬಂದೂಕು ಇದೆಯಲ್ಲ, 1853ರ ಮಾದರಿ, ಅದೂ ಕೇಪಿನದ್ದೇ. ಅಂದ್ರೆ ಮಳೆಗೆ ಹೆದರದ ಕೋವಿ ಬೇಕು ಅಂತ ಹುಟ್ಟಿದ ವಸ್ತು ಇದು, ಆಗುಂಬೆಯಂಥ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಹೊಯ್ಯೋ ಸೀಮೆಗೆ ಹೇಳಿ ಮಾಡಿಸಿದ್ದು, ಆದ್ರೆ ನಾವು ಸರಿಯಾಗಿ ಆರಿಸಿ ಸರಿಯಾಗಿ ಇಟ್ಕೊಂಡ್ರೆ ಮಾತ್ರ.

ಸರಿ, ಅಳತೆಗೆ ಬರೋಣ. ಕೇಪಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಚಿಕ್ಕದು, 10 ಮತ್ತು 11 ನಂಬರಿನದ್ದು, ಒಳಗಿನ ಅಗಲ 4 ಮಿಲಿಮೀಟರ್ ಚಿಲ್ಲರೆ. ಇನ್ನೊಂದು ಮಸ್ಕೆಟ್ ಕೇಪು, ಸುಮಾರು 6 ಮಿಲಿಮೀಟರಿನ ಹತ್ರ, ಅಂಚು ಹೊರಗೆ ಮಡಚ್ಕೊಂಡು ದೊರೆಗಳ ಟೋಪಿ ತರ ಕಾಣ್ತದೆ, ಅದ್ರ ಕಿಡಿ ಜೋರು. ಚಿಕ್ಕ ನಿಪ್ಪಲ್ಲಿಗೆ ಮಸ್ಕೆಟ್ ಕೇಪು ಕೂರಲ್ಲ, ದೊಡ್ಡ ನಿಪ್ಪಲ್ಲಿಗೆ 11 ಹೋಗಲ್ಲ, ಇಷ್ಟು ಸುಲಭ. ತಲೆನೋವು ಇರೋದು 10, 11ರ ಮಧ್ಯೆ. ಈ ನಂಬರನ್ನ ನಂಬ್ಕೊಂಡು ಕೂರೋಕೆ ಆಗಲ್ಲ, ಯಾಕಂದ್ರೆ ಒಂದು ಕಂಪನಿಯ 10 ಇನ್ನೊಂದು ಕಂಪನಿಯ 10ರ ತರ ಇರಲ್ಲ. ಅಮೆರಿಕದಲ್ಲಿ ಮೂತಿಯಿಂದ ತುಂಬೋ ರೈಫಲ್ಲಿಗೆ ಅಂತ್ಲೇ ಬೇರೆ ಶಿಕಾರಿ ಸೀಸನ್ ಇಡ್ತಾರೆ, ಹಂಗಾಗಿ ಅಲ್ಲಿಯವರು ಇದನ್ನ ಅರೆದು ಕುಡಿದಿದಾರೆ. ಅಲ್ಲಿ ರೆಮಿಂಗ್ಟನ್ ಕಂಪನಿಯ 10 ಸಿಸಿಐ ಕಂಪನಿಯ 10ಕ್ಕಿಂತ ಉದ್ದ, ಜರ್ಮನಿಯ ಆರ್‌ಡಬ್ಲ್ಯುಎಸ್‌ನವರು ಚಿಕ್ಕ ಕೇಪಿಗೆ 1075 ಅಂತ, ಮಸ್ಕೆಟ್ ಕೇಪಿಗೆ 1081 ಅಂತ ತಮ್ಮದೇ ನಂಬರ್ ಹಾಕ್ತಾರೆ. ನಮ್ಮ ಅಂಗಡಿಗಳಲ್ಲಿ ಈ ಹೆಸರೆಲ್ಲ ಸಿಗ್ತದೆ ಅಂತ ಅಲ್ಲ, ಇದ್ದಿದ್ದನ್ನ ಕೊಡ್ತಾರೆ, ಆದ್ರೆ ಡಬ್ಬಿ ಮೇಲಿನ ನಂಬರ್ ನೋಡಿ ಮೋಸ ಹೋಗ್ಬಾರ್ದು ಅನ್ನೋಕೆ ಹೇಳ್ದೆ. ಅದೂ ಅಲ್ದೆ ನಮ್ಮ ಹಳೇ ಕೋವಿಗಳ ನಿಪ್ಪಲ್ಲು ಫ್ಯಾಕ್ಟರಿಯದ್ದೇ ಉಳಿದಿರೋದು ಕಮ್ಮಿ, ಅಜ್ಜಯ್ಯನ ಕಾಲದಲ್ಲಿ ಯಾರೋ ಅರದಲ್ಲಿ ಉಜ್ಜಿ ಮಾಡಿದ್ದು, ಆಮೇಲೆ ಯಾರೋ ಲೇತಲ್ಲಿ ಹೊಡ್ಸಿದ್ದು, ಹಂಗಾಗಿ ಒಂದೇ ಮನೆಯ ಎರಡು ಕೋವಿಗೆ ಎರಡು ಅಳತೆ ಇರ್ತದೆ.

ಅದಕ್ಕೇ ಮೊದ್ಲು ನಿಪ್ಪಲ್ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಕೋವಿ ಖಾಲಿ ಇದೆ ಅಂತ ಖಾತ್ರಿ ಮಾಡ್ಕೊಳಿ, ಬಾಯಲ್ಲಿ ಹೇಳಿದ್ರೆ ಸಾಲ್ದು, ನಳಿಗೆಗೆ ಗಜ (ಮದ್ದು ಜಡಿಯೋ ಕೋಲು) ಹಾಕಿ ನೋಡ್ಬೇಕು. ನಮ್ಮನೇಲಿ ಗಜದ ಮೇಲೆ ಖಾಲಿ ನಳಿಗೆಯ ಅಳತೆಗೆ ಒಂದು ಗೀರು ಹಾಕಿಟ್ಟಿದೀವಿ, ಆ ಗೀರು ಮೂತಿಯ ಮಟ್ಟಕ್ಕೆ ಬಂದ್ರೆ ಖಾಲಿ, ಮೇಲೆ ನಿಂತ್ರೆ ಒಳಗೆ ಏನೋ ಇದೆ. ಈ ಒಂದು ಗೀರು ಎಷ್ಟೋ ಜೀವ ಉಳಿಸ್ತದೆ, ಇವತ್ತೇ ಹಾಕ್ಕೊಳಿ. ಆಮೇಲೆ ನಿಪ್ಪಲ್ಲಿನ ತುದಿ ಬೆಳಕಿಗೆ ಹಿಡಿದು ನೋಡಿ, ಅಂಚು ಚಪ್ಪಟೆಯಾಗಿ ಹೊರಗೆ ಹರಡಿದ್ರೆ ಅದ್ರ ಕಾಲ ಮುಗೀತು ಅಂತ ಅರ್ಥ. ಕೇಪಿಲ್ದೆ ಖಾಲಿ ಕುದುರೆ ಟಕ್ ಟಕ್ ಅಂತ ಬಿಡೋ ಅಭ್ಯಾಸ ಇದ್ರೆ ಹಿಂಗೇ ಆಗೋದು, ಮಕ್ಕಳ ಕೈಗೆ ಕೊಟ್ಟು ಆಡಿಸೋರೂ ಇದಾರೆ, ದಯವಿಟ್ಟು ಬೇಡ. ಕುದುರೆ ಬಿಟ್ಟು ನೋಡ್ಲೇಬೇಕು ಅಂದ್ರೆ ಮಧ್ಯೆ ಒಂದು ಚೂರು ದಪ್ಪ ಚರ್ಮ ಇಡಿ.

ತುದಿಯ ಅಳತೆ ತೆಗೆಯೋಕೆ ವರ್ನಿಯರ್ ಬೇಕು, ಅಕ್ಕಸಾಲಿಗಳ ಹತ್ರ ಇರ್ತದೆ, ಗ್ಯಾರೇಜಿನವರ ಹತ್ರಾನೂ ಇರ್ತದೆ, ನಿಪ್ಪಲ್ ಬಿಚ್ಚಿಸಿ ತಗೊಂಡು ಹೋದ್ರೆ ಸಾಕು ಕೋವಿ ಹೊತ್ಕೊಂಡು ತಿರುಗ್ಬೇಡಿ. ತುದಿಯಲ್ಲಿ ಎಷ್ಟು, ಬುಡದಲ್ಲಿ ಎಷ್ಟು ಅಂತ ಎರಡೂ ಬರ್ಕೊಳಿ, ನಿಪ್ಪಲ್ಲು ಸ್ವಲ್ಪ ಇಳಿಜಾರಾಗಿ ಇರ್ಬೇಕು, ತುದಿ ಸಣ್ಣ ಬುಡ ದಪ್ಪ. ಇನ್ನು ಒಳಗಿನ ಕಿಂಡಿ, ಒಳ್ಳೇ ನಿಪ್ಪಲ್ಲಲ್ಲಿ ಅದು ಮುಕ್ಕಾಲು ಮಿಲಿಮೀಟರ್ ಆಸುಪಾಸು ಅಷ್ಟೇ ಇರೋದು. ವರ್ಷಗಟ್ಟಲೆ ಹೊಡೆದು ಹೊಡೆದು ಅದು ಅಗಲ ಆಗ್ತದೆ, ಅಗಲ ಆದ್ರೆ ಕಿಡಿ ಚೆನ್ನಾಗಿ ಹೋಗ್ತದಲ್ಲ ಅಂದ್ಕೊಂಡ್ರೆ ತಪ್ಪು, ಈಡು ಹಾರಿದಾಗ ಗಾಳಿ ಅದೇ ದಾರಿಯಲ್ಲಿ ವಾಪಸ್ ನುಗ್ಗಿ ಕುದುರೆನ ಹಿಂದಕ್ಕೆ ಎತ್ತಿ ಹಾಕ್ತದೆ, ಕೇಪಿನ ಚೂರು ಮುಖಕ್ಕೆ ಬರ್ತದೆ. ನಿಮ್ಮ ಕೋವಿಯಲ್ಲಿ ಈಡು ಆದ ಮೇಲೆ ಕುದುರೆ ತಂತಾನೇ ಅರ್ಧ ಎದ್ದು ನಿಂತಿದ್ರೆ ಕೇಪು ಬದಲಾಯಿಸಿ ಪ್ರಯೋಜನ ಇಲ್ಲ, ನಿಪ್ಪಲ್ ಬದಲಾಯಿಸ್ಬೇಕು. ಹೊಸದು ಹಾಕಿಸೋವಾಗ ಮರೆಯ (ತಿರುಪಿನ ಸುತ್ತಿನ) ಅಳತೆ ನೋಡಿಸಿ, ವಿದೇಶಿ ಕೋವಿಯಲ್ಲೇ 6 ಮಿಲಿಮೀಟರಿಂದು ಒಂದು, ಕಾಲು ಇಂಚಿಂದು ಒಂದು ಅಂತ ಬೇರೆ ಬೇರೆ ಇದಾವೆ, ಹತ್ರ ಹತ್ರ ಇದೆ ಅಂತ ಬಲವಂತವಾಗಿ ತಿರುಗಿಸಿ ಕೂರಿಸಿದ್ರೆ ಒಂದಿನ ಕಿತ್ತು ಬಂದು ಹಣೆಗೇ ಹೊಡೀಬಹುದು.

ಅಂಗಡಿಗೆ ಹೋದಾಗ ಎಂತ ನೋಡ್ಬೇಕು. ಡಬ್ಬಿ ಮುಚ್ಚಿಗೆ ಬಿಗಿಯಾಗಿ ಇದೆಯಾ, ತುಕ್ಕು ಹಿಡಿದಿದೆಯಾ, ನೀರು ಬಿದ್ದ ಕಲೆ ಇದೆಯಾ. ಪೇಪರಲ್ಲಿ ಸುತ್ತಿ ಬಿಡಿ ಬಿಡಿ ಕೊಟ್ರೆ ತಗೋಬೇಡಿ, ಮೂಲ ಡಬ್ಬಿನೇ ಕೇಳಿ. ತೆಗೆದು ತೋರಿಸಿ ಅನ್ನಿ, ಬೇಜಾರ್ ಮಾಡ್ಕೊಂಡ್ರೂ ಪರವಾಗಿಲ್ಲ. ತಾಮ್ರ ಹೊಳೀತಿರ್ಬೇಕು, ಸ್ವಲ್ಪ ಕಂದು ತಿರುಗಿದ್ರೆ ಚಿಂತೆ ಇಲ್ಲ, ಹಸಿರು ಕಿಲುಬು ಕಟ್ಟಿದ್ರೆ ಒಳಗೆ ತೇವ ಹೋಗಿದೆ ಅಂತ್ಲೇ ಲೆಕ್ಕ. ಒಂದೆರಡು ಕೇಪು ಮಗುಚಿ ತಳ ನೋಡಿ, ಮದ್ದಿನ ಪದರ ಎಲ್ಲದ್ರಲ್ಲೂ ಒಂದೇ ಸಮ ಇರ್ಬೇಕು, ಬಿರುಕು ಬಿಟ್ಟಿರೋದು, ಒಂದು ಮೂಲೆಗೆ ಸರಿದಿರೋದು, ಡಬ್ಬಿ ತಳದಲ್ಲಿ ಪುಡಿ ಉದುರಿರೋದು ಕಂಡ್ರೆ ವಾಪಸ್ ಇಟ್ಬಿಡಿ. ಟೋಪಿಯ ಅಂಚು ಗುಂಡಗಿರ್ಬೇಕು, ಜಜ್ಜಿ ಮೊಟ್ಟೆ ಆಕಾರ ಆಗಿರ್ಬಾರ್ದು. ಹಳೇ ಸ್ಟಾಕು ಅನ್ನೋ ಕಾರಣಕ್ಕೆ ಮಾತ್ರ ಬೇಡ ಅನ್ಬೇಡಿ, ಒಣಗಿದ ಜಾಗದಲ್ಲಿ ಮುಚ್ಚಿಟ್ಟ ಕೇಪು ಹತ್ತಾರು ವರ್ಷ ಬಾಳ್ತದೆ, ಎರಡೇ ಮಳೆಗಾಲ ಮುಚ್ಚಿಗೆ ತೆರೆದಿಟ್ಟ ಹೊಸ ಕೇಪು ಅದಕ್ಕಿಂತ ಕೆಟ್ಟದು. ಮೊದಲ ಸಲಕ್ಕೆ ಒಂದೇ ಡಬ್ಬಿ ತನ್ನಿ, ಕೂರಿಸಿ ನೋಡಿ, ಸರಿ ಬಂದ್ರೆ ಲೈಸೆನ್ಸಲ್ಲಿ ಬರೆದಿರೋ ಲೆಕ್ಕದೊಳಗೆ ಅದೇ ಡಬ್ಬಿ ಅದೇ ಲಾಟಿನದ್ದು ಮತ್ತೆ ತಗೊಳಿ.

ಮನೆಗೆ ತಂದ ಮೇಲೆ ಕೂರಿಸಿ ನೋಡೋದು. ಇದು ಮುಖ್ಯ ಭಾಗ, ಅವಸರ ಮಾಡ್ಬೇಡಿ. ಖಾಲಿ ಕೋವಿ, ಮೂತಿ ಮಣ್ಣಿನ ದರೆ ಕಡೆಗೆ, ಸುತ್ತ ಯಾರೂ ಇರ್ಬಾರ್ದು, ಕಣ್ಣಿಗೆ ಕನ್ನಡಕ, ಬೈಕಿಗೆ ಹಾಕೋ ಸಾದಾ ಕನ್ನಡಕ ಆದ್ರೂ ಸೈ. ಕೇಪನ್ನ ಬೆರಳಲ್ಲಿ ಒತ್ತಿದ್ರೆ ಪೂರ್ತಿ ಕೆಳಗಿಳಿದು ತಳ ತಾಗಿದ್ದು ಬೆರಳಿಗೇ ಗೊತ್ತಾಗ್ಬೇಕು. ಕೋವಿ ಅಡ್ಡ ಉದ್ದ ಅಲ್ಲಾಡಿಸಿ, ಮಗುಚಿ ಹಿಡೀರಿ, ಬೀಳ್ಬಾರ್ದು. ಉಗುರು ಕೊಟ್ಟು ಎಬ್ಬಿಸಿದ್ರೆ ಸ್ವಲ್ಪ ಹಟ ಮಾಡಿ ಬರ್ಬೇಕು. ಇದು ಸರಿಯಾದ ಅಳತೆ. ಅರ್ಧಕ್ಕೆ ನಿಂತು ಕೆಳಗೆ ಸಂದು ಕಂಡ್ರೆ ಬಿಗಿ, ಅಂಥದ್ದನ್ನ ಕಬ್ಬಿಣದಲ್ಲಿ ಕುಟ್ಟಿ ಕೂರಿಸೋಕೆ ಹೋಗ್ಲೇಬೇಡಿ, ಕೈಬೆರಳು ಹೋಗ್ತದೆ. ಮೊದಲ ಏಟಿಗೆ ಸಿಡೀದೆ ಎರಡನೇ ಏಟಿಗೆ ಸಿಡಿಯೋ ಕೋವಿ ಇದ್ರೆ ಅದ್ರ ರೋಗ ನೂರಕ್ಕೆ ತೊಂಬತ್ತು ಇದೇ, ಮೊದಲ ಏಟು ಕೇಪನ್ನ ಕೆಳಗೆ ತಳ್ಳಿತು, ಎರಡನೇದು ಸಿಡಿಸ್ತು. ಜನ ಕೇಪು ಹಸಿ ಇತ್ತು ಅಂತಾರೆ, ಹಸಿ ಇರೋ ಕೇಪು ಎರಡನೇ ಏಟಿಗೂ ಸಿಡಿಯಲ್ಲ.

ಇನ್ನು ಸಡಿಲ. ನಮ್ಮೂರಲ್ಲಿ ಸಡಿಲ ಕೇಪನ್ನ ಎರಡು ಬೆರಳಲ್ಲಿ ಚೂರು ಹಿಚುಕಿ ಮೊಟ್ಟೆ ಆಕಾರ ಮಾಡಿ ಕೂರಿಸೋ ಅಭ್ಯಾಸ ಎಲ್ರಿಗೂ ಇದೆ, ನಮ್ಮಪ್ಪಯ್ಯನೂ ಮಾಡ್ತಿದ್ರು. ತುರ್ತಿಗೆ ನಡೀತದೆ ಅಂತ ಜನ ಹೇಳ್ತಾರೆ, ಆದ್ರೆ ಹಿಚುಕೋವಾಗ ಒಳಗಿನ ಮದ್ದಿನ ಪದರ ಬಿರುಕು ಬಿಡ್ತದೆ, ವಾರ್ನಿಶ್ ಒಡೀತದೆ, ಮಳೆಗಾಲದಲ್ಲಿ ಆ ಬಿರುಕಲ್ಲೇ ತೇವ ಇಳಿಯೋದು. ಅದಕ್ಕಿಂತ ಸರಿ ಅಳತೆ ನಿಪ್ಪಲ್ ಹಾಕಿಸೋದು ಎಷ್ಟೋ ವಾಸಿ. ಬಿಗಿ ಆದ್ರೆ ರಿಪೇರಿಯವರು ಸಣ್ಣ ಎಮರಿ ಪೇಪರಲ್ಲಿ ನಿಪ್ಪಲ್ಲನ್ನ ಕೂದಲೆಳೆಯಷ್ಟು ಉಜ್ಜಿ ಕೊಡ್ತಾರೆ, ಸಡಿಲಕ್ಕೆ ಅದು ಆಗಲ್ಲ, ಹೊಸದೇ ಬೇಕು.

ಕುದುರೆ ಸರಿಯಾಗಿ ಬೀಳ್ತದಾ ಅಂತಾನೂ ನೋಡಿ. ಮನೇಲಿರೋ ಕಣ್ಣಿನ ಕಾಡಿಗೆ ಚೂರು ನಿಪ್ಪಲ್ ತುದಿಗೆ ಹಚ್ಚಿ, ಕುದುರೆನ ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿ, ಎತ್ತಿ ನೋಡಿದ್ರೆ ಕುದುರೆ ಬಾಯೊಳಗೆ ಕಪ್ಪು ಉಂಗುರ ಮೂಡಿರ್ತದೆ. ನಡುವಲ್ಲಿದ್ರೆ ಸರಿ, ಒಂದು ಕಡೆ ಜರುಗಿದ್ರೆ ಏಟು ಓರೆ ಬೀಳ್ತಿದೆ, ಎಷ್ಟೇ ಒಳ್ಳೇ ಕೇಪು ಹಾಕಿದ್ರೂ ಹತ್ತಕ್ಕೆ ಎರಡು ಕೈ ಕೊಡ್ತದೆ. ಕುದುರೆಯ ಬಾಯಿ ಕೇಪನ್ನ ಸುತ್ತ ಮುಚ್ಚೋ ಹಂಗೆ ಇರೋದು ಚೂರು ಹೊರಗೆ ಹಾರ್ಬಾರ್ದು ಅಂತ, ಆ ಅಂಚು ಸವೆದು ಹೋಗಿದ್ರೆ ಅದನ್ನೂ ರಿಪೇರಿಯವರಿಗೆ ತೋರ್ಸಿ.

ಆಮೇಲೆ ಲೆಕ್ಕದ ಪರೀಕ್ಷೆ. ಮದ್ದು ಹಾಕ್ದೆ ಬರೀ ಕೇಪು 20 ಹೊಡೆದು ನೋಡಿ. ಖರ್ಚಾಯ್ತು ಅಂತ ಹೊಟ್ಟೆ ಉರ್ಕೋಬೇಡಿ. 20ಕ್ಕೆ 20 ಮೊದಲ ಏಟಿಗೇ ಸಿಡೀಬೇಕು. ಒಂದು ಕೈ ಕೊಟ್ರೂ ನಾನು ಬಿಡಲ್ಲ, ಅಳತೆ, ಕುದುರೆ, ಸ್ಪ್ರಿಂಗು ಮತ್ತೆ ನೋಡಿ ಇನ್ನೊಂದು 20 ಹೊಡೀತೀನಿ, ಆಗ್ಲೂ ಒಂದು ಹೋದ್ರೆ ಆ ಡಬ್ಬಿ ರಾತ್ರಿ ಕಾವಲಿಗೆ ಬೇಡ. ಶಬ್ದ ಕೇಳಿಸ್ಕೊಳಿ, ಎಲ್ಲವೂ ಚಟಾರ್ ಅಂತ ಒಂದೇ ತರ ಇರ್ಬೇಕು, ಮಧ್ಯೆ ಮಧ್ಯೆ ಫುಸ್ ಅನ್ನೋ ಮೆತ್ತನೆ ಶಬ್ದ ಬಂದ್ರೆ ಮದ್ದಿನ ಪದರ ಸಮ ಇಲ್ಲ. ಸಿಡಿದ ಟೋಪಿ ಹೆಕ್ಕಿ ನೋಡಿ, ಹೂವಿನ ಎಸಳು ಬಿಚ್ಕೊಂಡಂಗೆ ಅರಳಿದ್ರೆ ಒಳ್ಳೇದು, ಚೂರುಚೂರಾಗಿ ಹಾರಿ ಹೋದ್ರೆ ಆ ಲೋಹ ಕಣ್ಣಿಗೆ ಅಪಾಯ.

ಇದ್ರ ಜೊತೆಗೇ ತರಗೆಲೆ ಪರೀಕ್ಷೆ. ನಳಿಗೆ ಮೂತಿ ನೆಲದ ಹತ್ರ ಹಿಡಿದು ಎದುರಿಗೆ ಒಂದು ಒಣ ತರಗೆಲೆ ಇಡಿ, ಖಾಲಿ ಕೋವಿಯಲ್ಲಿ ಕೇಪು ಸಿಡಿಸಿ. ಎಲೆ ಅಲ್ಲಾಡಿದ್ರೆ ಕಿಂಡಿಯಿಂದ ಮೂತಿವರೆಗೆ ದಾರಿ ಸಾಫಿದೆ. ಅಲ್ಲಾಡ್ಲಿಲ್ಲ ಅಂದ್ರೆ ದಾರಿಯಲ್ಲಿ ಎಣ್ಣೆನೋ ಕಸವೋ ಇದೆ. ನಮ್ಮ ಚಿಕ್ಕಪ್ಪನ ಕೋವಿಗೆ ಈ ಪರೀಕ್ಷೆ ಒಂದ್ಸಲ ಮಾಡಿದ್ರೆ ಆವತ್ತಿನ ರಾತ್ರಿಯ ಕಥೆನೇ ಇರ್ತಿರ್ಲಿಲ್ಲ. ಮಳೆಗಾಲ ಅಂತ ಕೋವಿಗೆ ಎಣ್ಣೆ ಸುರಿದು ಗೋಡೆಗೆ ಒರಗಿಸಿ ಇಡ್ತೀವಲ್ಲ, ಆ ಎಣ್ಣೆ ಇಳಿದು ಬಂದು ನಿಲ್ಲೋದೇ ನಿಪ್ಪಲ್ ಹತ್ರ. ಅದಕ್ಕೇ ನಮ್ಮನೇಲಿ ಈಗ ಎಣ್ಣೆ ಹಚ್ಚಿದ ಕೋವಿನ ಮೂತಿ ಕೆಳಗೆ ಮಾಡಿ ಇಡ್ತೀವಿ, ಮದ್ದು ತುಂಬೋ ಮುಂಚೆ ನಿಪ್ಪಲ್ ಒರೆಸಿ ಎರಡು ಕೇಪು ಖಾಲಿ ಹೊಡೆದು ಒಣಗಿಸ್ತೀವಿ. ಸ್ಪ್ರೇ ಎಣ್ಣೆ ಹಚ್ಚಿದ ಕೈಯಲ್ಲಿ ಕೇಪು ಮುಟ್ಬೇಡಿ, ಆ ತೆಳು ಎಣ್ಣೆ ಒಳಗೆ ಇಳಿದು ಕೇಪಿನ ಮದ್ದನ್ನೇ ಕೊಂದು ಹಾಕ್ತದೆ.

ಮಳೆಗಾಲದ್ದು ಬೇರೆನೇ ಪರೀಕ್ಷೆ. ಆಷಾಢದಲ್ಲಿ ನಮ್ಮನೆ ಉಪ್ಪಿನ ಭರಣಿನೇ ನೀರು ಬಿಡ್ತದೆ, ಅಂಥ ಹವೆಯಲ್ಲಿ ಕೇಪು ಹೆಂಗೆ ನಿಲ್ತದೆ ಅಂತ ಗೊತ್ತಾಗ್ಬೇಕು. ಐದು ಕೇಪು ಒಂದು ತಟ್ಟೇಲಿ ಇಟ್ಟು, ಮಕ್ಕಳ ಕೈಗೂ ಬೆಕ್ಕಿನ ಕಾಲಿಗೂ ಸಿಗದ ಹಂಗೆ ಬೀಗ ಹಾಕೋ ಕೋಣೆಯ ಕಿಟಕಿ ಪಕ್ಕ ಎರಡು ರಾತ್ರಿ ಬಿಟ್ಟು ಆಮೇಲೆ ಖಾಲಿ ಕೋವಿಯಲ್ಲಿ ಹೊಡೆದು ನೋಡಿ. ಐದೂ ಸಿಡಿದ್ರೆ ಆ ಲಾಟಿನ ಮುಚ್ಚಿಗೆ ಚೆನ್ನಾಗಿದೆ. ರಾತ್ರಿ ಕಾವಲಲ್ಲಿ ಕೇಪು ಹಾಕಿದ ಮೇಲೆ ಅದ್ರ ಅಂಚಿಗೂ ನಿಪ್ಪಲ್ಲಿಗೂ ಮಧ್ಯೆ ನೀರು ಇಳಿಯೋದೇ ದೊಡ್ಡ ಸಮಸ್ಯೆ, ಅದಕ್ಕೆ ಅಂಚಿನ ಸುತ್ತ ಹೊರಗಿಂದ ಮಾತ್ರ ಚೂರು ಜೇನುಮೇಣ ಬೆರಳಲ್ಲಿ ಮೆತ್ತೋದು ಹಳೇ ಉಪಾಯ, ಈಗ್ಲೂ ಅದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಮೇಣ ಕಾಯಿಸಿ ಹೊಯ್ಯೋದಲ್ಲ, ತಣ್ಣಗಿರೋದನ್ನೇ ತಿಕ್ಕಿ ಮೆತ್ತಗೆ ಮಾಡಿ ಹಚ್ಚೋದು. ಹೊರದೇಶದಲ್ಲಿ ಮಳೆ ಜಾಸ್ತಿ ಇರೋ ಕಡೆ ಕೆಲವ್ರು ನಿಪ್ಪಲ್ಲನ್ನೇ ಮಸ್ಕೆಟ್ ಕೇಪಿನದ್ದಕ್ಕೆ ಬದಲಾಯಿಸ್ಕೊತಾರೆ, ಕಿಡಿ ಜೋರು, ಒದ್ದೆ ಕೈಯಲ್ಲೂ ಹಿಡಿಯೋಕೆ ಸಲೀಸು. ಮ್ಯಾಗ್ನಂ ಅಂತ ಜಾಸ್ತಿ ಕಿಡಿಯ 11 ನಂಬರ್ ಕೇಪೂ ಅಲ್ಲಿದೆ, ಅದು ಮುಖ್ಯವಾಗಿ ಅವ್ರ ಕರಿಮದ್ದಿನ ಬದಲಿ ಪುಡಿಗಳಿಗೆ, ಅವು ಹೊತ್ಕೊಳೋಕೆ ಶಾಖ ಜಾಸ್ತಿ ಬೇಕು. ನಮ್ಮ ಕರಿಮದ್ದು ಒಣಗಿದ್ರೆ ಸಾದಾ ಕೇಪಿಗೇ ಹೊತ್ಕೊತದೆ, ಒಣಗಿಲ್ದೆ ಇದ್ರೆ ಯಾವ ಕೇಪೂ ಕಾಪಾಡಲ್ಲ.

ಇಡೋದು ಎಲ್ಲಿ ಅಂತ ಕೇಳಿದ್ರೆ ಹತ್ತರಲ್ಲಿ ಎಂಟು ಮನೆಯವರು ತಪ್ಪು ಜಾಗ ತೋರಿಸ್ತಾರೆ. ಒಲೆ ಮೇಲಿನ ಹೊಗೆ ಅಟ್ಟ ಒಣಗಿರ್ತದೆ ಅಂತ ಅಲ್ಲಿ ಇಡೋರಿದಾರೆ, ಅಡಿಕೆ ಒಣಗಿಸೋ ಡ್ರೈಯರ್ ಕೋಣೇಲಿ ಇಡೋರಿದಾರೆ, ಇದು ಬೆಂಕಿ ಜೊತೆ ಆಟ, ಕೇಪು ಶಾಖಕ್ಕೂ ಸಿಡೀತದೆ ಏಟಿಗೂ ಸಿಡೀತದೆ. ಮೂಲ ಡಬ್ಬಿಯಲ್ಲೇ ಇರ್ಲಿ, ಆ ಡಬ್ಬಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ, ಜೊತೆಗೆ ಹೊಸ ಚಪ್ಪಲಿ, ಬ್ಯಾಗಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಎರಡು. ಗಾಜಿನ ಬಾಟಲಿಗೆ ಎಲ್ಲ ಸುರಿದು ಇಡ್ಬೇಡಿ, ಒಂದು ಸಿಡಿದ್ರೆ ಪಕ್ಕದ್ದು ಎಲ್ಲ ಒಟ್ಟಿಗೆ ಸಿಡೀತಾವೆ, ಗಾಜು ಚರೆ ಆಗ್ತದೆ. ಮದ್ದು ಬೇರೆ ಕಡೆ, ಕೇಪು ಬೇರೆ ಕಡೆ, ಕೋವಿ ಬೇರೆ ಕಡೆ, ಮೂರಕ್ಕೂ ಬೀಗ. ಕಾವಲಿಗೆ ಹೋಗೋವಾಗ ಅವತ್ತಿಗೆ ಬೇಕಾದ ಐದಾರು ಮಾತ್ರ ಸಣ್ಣ ಡಬ್ಬಿಯಲ್ಲಿ ಹತ್ತಿ ಹಾಸಿ ತಗೊಂಡು ಹೋಗಿ, ಅಂಗಿ ಜೇಬಲ್ಲಿ ಚಿಲ್ರೆ, ಕೀ, ಬೆಂಕಿಪೊಟ್ಟಣದ ಜೊತೆ ಬಿಡಿಯಾಗಿ ಹಾಕ್ಕೋಬೇಡಿ. ಹಾಳಾದ ಕೇಪನ್ನ ಒಲೆಗೆ, ಗೊಬ್ಬರಗುಂಡಿಗೆ, ಕಸಕ್ಕೆ ಎಸೀಬೇಡಿ, ಮಗುವೋ ದನವೋ ತುಳಿದ್ರೆ ಗತಿ ಏನು, ತಗೊಂಡ ಅಂಗಡಿಗೇ ವಾಪಸ್ ಕೊಡಿ.

ಚುನಾವಣೆ ಬಂದಾಗ ಕೋವಿ ಡೆಪಾಸಿಟ್ ಮಾಡೋದು ನಮಗೆಲ್ಲ ಗೊತ್ತಿರೋ ಸಂಕಟ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಶಿವಮೊಗ್ಗದಲ್ಲಿ ಮೇ 7ಕ್ಕೆ ಓಟು, ಜೂನ್ 4ಕ್ಕೆ ಎಣಿಕೆ, ಅಷ್ಟೊತ್ತಿಗೆ ಮಳೆ ಬಾಗಿಲಲ್ಲಿ ನಿಂತಿತ್ತು. ಮಂಗ ಬಾಳೆಗೊನೆ ಮುರಿಯೋದಕ್ಕೆ, ಎಳೆ ಅಡಿಕೆ ಉದುರಿಸೋದಕ್ಕೆ ನೀತಿಸಂಹಿತೆ ಇಲ್ಲ. ಡೆಪಾಸಿಟ್ ಇಟ್ಟ ಜಾಗದಲ್ಲಿ ಎಲ್ರ ಕೋವಿನೂ ಒಟ್ಟಿಗೆ ಕಟ್ಟಿ ಮೂಲೆಗೆ ನಿಲ್ಲಿಸಿದ್ರು, ನನ್ನ ಕೋವಿ ವಾಪಸ್ ಬಂದಾಗ ಕುದುರೆ ಬಾಯಿ ತುಕ್ಕು ಹಿಡಿದು ಕೆಂಪಾಗಿತ್ತು. ಹಂಗಾಗಿ ಕೊಡೋ ಮುಂಚೆ ನಿಪ್ಪಲ್ ತುದಿಗೆ ಸ್ವಲ್ಪ ಗ್ರೀಸ್ ಹಚ್ಚಿ ಚರ್ಮದ ಚೂರು ಮುಚ್ಚಿ ಕಟ್ಟಿ, ರಸೀದಿ ತಗೊಳಿ, ವಾಪಸ್ ಬಂದ ದಿನ ಗ್ರೀಸ್ ಪೂರ್ತಿ ತೆಗೆದು ಗಜದ ಗೀರಿಂದ ಶುರು ಮಾಡಿ ತರಗೆಲೆ ತನಕ ಎಲ್ಲ ಪರೀಕ್ಷೆ ಮತ್ತೆ ಮಾಡಿ, ಯಾಕಂದ್ರೆ ಅದು ಈಗ ನೀವು ಕೊಟ್ಟ ಕೋವಿ ಅಲ್ಲ.

ತೊಳೆಯೋ ವಿಷಯ ಚಿಕ್ಕದಾಗಿ. ಹಳೇ ತರದ ಕೇಪಲ್ಲಿ ಪೊಟ್ಯಾಷಿಯಂ ಕ್ಲೋರೇಟ್ ಇರ್ತದೆ, ಸಿಡಿದ ಮೇಲೆ ಅದು ಉಪ್ಪಿನಂಥ ಪದಾರ್ಥ ಬಿಟ್ಟು ಹೋಗ್ತದೆ, ಆ ಉಪ್ಪು ಹವೆಯ ನೀರು ಎಳ್ಕೊಂಡು ಒಂದೇ ರಾತ್ರಿಗೆ ತುಕ್ಕು ತರಿಸ್ತದೆ. ಎಣ್ಣೆಗೆ ಅದು ಹೋಗಲ್ಲ, ಬಿಸಿನೀರು ಸೋಪಲ್ಲೇ ಹೋಗೋದು. ಪರೀಕ್ಷೆಗೆ ಬರೀ ಕೇಪು ಹೊಡೆದ ದಿನವೂ ತೊಳೀಲೇಬೇಕು, ತೊಳೆದು ಪೂರ್ತಿ ಒಣಗಿಸಿ ಆಮೇಲೆ ಎಣ್ಣೆ.

ಕೇಪು ಸಿಗ್ಲಿಲ್ಲ ಅಂತ ಮನೇಲೇ ಮಾಡೋಕೆ ಹೋಗೋರಿಗೆ ಕೈ ಮುಗಿದು ಹೇಳ್ತೀನಿ, ಬೇಡ. ಬೆಂಕಿಕಡ್ಡಿ ಮದ್ದು ಕೆರೆದು ತುಂಬೋದು, ದೀಪಾವಳಿ ಪಿಸ್ತೂಲಿನ ಕೇಪು ಮಡಚಿ ಇಡೋದು, ಇವೆಲ್ಲ ಅಪರಾಧ ಅನ್ನೋದು ಒಂದು, ಒಂದ್ಸಲ ಸಿಡಿದ್ರೆ ಇನ್ನೊಂದ್ಸಲ ಸಿಡಿಯಲ್ಲ, ಕೆಲವು ಸಲ ಕೈಯಲ್ಲೇ ಸಿಡೀತದೆ. ಕೇಪಿಲ್ದೇ ಇದ್ದ ರಾತ್ರಿ ಡಬ್ಬ ಬಡೀರಿ, ಟಾರ್ಚ್ ಹಾಕಿ, ನಾಯಿ ಬಿಡಿ, ಬೆಳೆ ಹೋದ್ರೆ ಮುಂದಿನ ವರ್ಷ ಬೆಳೆಯಬಹುದು.

ಕೊನೇದು ಗದ್ದೆಯಲ್ಲಿ. ಕೇಪು ಕೂರಿಸೋದು ಎಲ್ಲಕ್ಕಿಂತ ಕೊನೆಗೆ, ಮಾಳಕ್ಕೆ ಹೋಗಿ ಕೂತು ಮೂತಿ ಸರಿ ದಿಕ್ಕಿಗೆ ಮಾಡಿದ ಮೇಲೆ. ಸಂಕ ದಾಟೋವಾಗ, ಉಣಗೋಲು ಸರಿಸೋವಾಗ, ಬೇಲಿ ಹಾರೋವಾಗ, ಮರ ಹತ್ತೋವಾಗ ಕೇಪು ತೆಗೆದು ಡಬ್ಬಿಗೆ ಹಾಕಿ, ಕತ್ತಲಲ್ಲಿ ಮಳೆಯಲ್ಲಿ ತೆಗೆಯೋದು ಕಷ್ಟ ಅಂತ ಗೊತ್ತು, ಆದ್ರೂ ತೆಗೀರಿ. ಕೇಪು ತೆಗೆದ ಕೋವಿ ಖಾಲಿ ಕೋವಿ ಅಲ್ಲ ಅನ್ನೋದೂ ತಲೇಲಿರ್ಲಿ, ಒಳಗೆ ಮದ್ದು ಹಂಗೇ ಇರ್ತದೆ. ಪೊದೆ ಅಲ್ಲಾಡ್ತು ಅಂತ ಆ ಕಡೆ ಮೂತಿ ತಿರುಗಿಸ್ಬೇಡಿ, ನಮ್ಮ ಸೀಮೆಯಲ್ಲಿ ಹಂದಿ ಅಂದ್ಕೊಂಡು ಮನುಷ್ಯರಿಗೆ ಹೊಡೆದ ಸುದ್ದಿ ಓದಿಲ್ದೆ ಇರೋರು ಯಾರಿದಾರೆ ಹೇಳಿ, ಪಕ್ಕದ ಗದ್ದೆಯವರೂ ನಿಮ್ಮ ತರಾನೇ ಕತ್ತಲಲ್ಲಿ ಕಾವಲು ಕೂತಿರ್ತಾರೆ. ಎಳೆದು ಟಕ್ ಅಂದು ಈಡು ಹಾರ್ಲಿಲ್ಲ ಅಂದ್ರೆ ಅಲ್ಲಾಡ್ಬೇಡಿ, ಮೂತಿ ಎಲ್ಲಿತ್ತೋ ಅಲ್ಲೇ ಹಿಡಿದು ಬಾಯಲ್ಲಿ ಒಂದರಿಂದ ಅರವತ್ತರ ತನಕ ಎಣಿಸಿ, ಪಕ್ಕದಲ್ಲಿದ್ದೋರಿಗೆ ಏಳ್ಬೇಡಿ ಅಂತ ಹೇಳಿ. ಆಮೇಲೆ ಹಳೇ ಕೇಪು ತೆಗೆದು, ನಿಪ್ಪಲ್ ಕಿಂಡಿಗೆ ಸಣ್ಣ ತಂತಿ ಹಾಕಿ ಬಿಡಿಸಿ, ಮುಖ ಒಂದು ಕಡೆಗೆ ಇಟ್ಕೊಂಡು ಹೊಸ ಕೇಪು ಹಾಕಿ. ಎರಡನೇದೂ ಹಾರ್ಲಿಲ್ಲ ಅಂದ್ರೆ ಮತ್ತೆ ಅರವತ್ತು ಎಣಿಸಿ, ಕೇಪು ತೆಗೆದು, ಅವತ್ತಿನ ಕಾವಲು ಅಲ್ಲಿಗೇ ನಿಲ್ಲಿಸಿ ಮನೆಗೆ ಬನ್ನಿ, ಕೋವಿನ ಮಕ್ಕಳ ಕೈಗೆ ಸಿಗದ ಕಡೆ ಬೀಗದೊಳಗೆ ಇಟ್ಟು ಬೆಳಿಗ್ಗೆ ರಿಪೇರಿಯವರಿಗೆ ಫೋನ್ ಮಾಡಿ ಒಳಗೆ ಮದ್ದಿದೆ ಅಂತ ಮೊದ್ಲೇ ಹೇಳಿ. ನಮ್ಮ ಚಿಕ್ಕಪ್ಪ ಈಗ ಅರವತ್ತು ಎಣಿಸೋದನ್ನ ಜೋರಾಗಿ ಹೇಳ್ಕೊಂಡೇ ಎಣಿಸ್ತಾರೆ, ಪಕ್ಕದಲ್ಲಿ ಕೂತ ನನಗೂ ಕೇಳ್ಲಿ ಅಂತ.